ತಲೆಗೆ ಪೆಟ್ಟು: ಎದ್ದು ಮಾತನಾಡಿದರೂ ಅಪಾಯ ಕಳೆದಿಲ್ಲ

ಬಿದ್ದವರು ಎದ್ದು ನಿಂತು ‘ಏನೂ ಆಗಿಲ್ಲ’ ಎಂದರೆ ನಾವು ನಂಬಿಬಿಡುತ್ತೇವೆ. 2009ರ ಮಾರ್ಚ್ 16ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸ್ಕೀಯಿಂಗ್ ಕಲಿಯುತ್ತಿದ್ದ ಬ್ರಿಟಿಷ್ ನಟಿ ನತಾಶಾ ರಿಚರ್ಡ್‌ಸನ್ ಬಿದ್ದಾಗಲೂ ಹಾಗೆಯೇ ಆಯಿತು. ಅದು ಹೊಸಬರು ಕಲಿಯುವ ಸಾಧಾರಣ ಇಳಿಜಾರು. ಅವರು ಎದ್ದು ಮಾತನಾಡಿದರು. ಬಂದ ಆಂಬುಲೆನ್ಸ್ ಹಿಂತಿರುಗಿತು. ಆಮೇಲೆ ತಲೆನೋವು ಶುರುವಾಯಿತು. ಎರಡು ದಿನಗಳ ಬಳಿಕ ನ್ಯೂಯಾರ್ಕಿನಲ್ಲಿ, 45ನೇ ವಯಸ್ಸಿನಲ್ಲಿ ತೀರಿಕೊಂಡರು. ತಲೆಬುರುಡೆಯ ಒಳಗೆ, ಮೆದುಳಿನ ಹೊದಿಕೆಯ ಹೊರಗೆ ರಕ್ತ ಶೇಖರವಾಗಿತ್ತು.

ಹೀಗೇಕಾಗುತ್ತದೆ? ದೊಡ್ಡವರ ತಲೆಬುರುಡೆ ಹಿಗ್ಗದ ಪೆಟ್ಟಿಗೆ. ಅದರೊಳಗೆ ಮೆದುಳು, ರಕ್ತ ಮತ್ತು ಮೆದುಳಿನ ಸುತ್ತಲಿನ ದ್ರವ ಇವೆ. ಕಪಾಲದ ಬದಿಯ ಎಲುಬು ತೆಳು. ಅದು ಬಿರಿದರೆ ಅಡಿಯಲ್ಲಿರುವ ರಕ್ತನಾಳ ಹರಿಯಬಹುದು. ಸೋರಿದ ರಕ್ತಕ್ಕೆ ಮೊದಮೊದಲು ದ್ರವ ಸರಿದು ಜಾಗ ಕೊಡುತ್ತದೆ. ಗಾಯಾಳು ಮಾತನಾಡುವುದು ಈ ಹೊತ್ತಿನಲ್ಲಿ. ಜಾಗ ಮುಗಿದೊಡನೆ ಒತ್ತಡ ಒಮ್ಮೆಲೇ ಏರಿ, ಮೆದುಳು ಕೆಳಕ್ಕೆ ತಳ್ಳಲ್ಪಟ್ಟು, ಉಸಿರಾಟವನ್ನು ನಡೆಸುವ ಮೆದುಳಿನ ಕಾಂಡ ಅದುಮಿಹೋಗುತ್ತದೆ. ಒಂದು ಕಣ್ಣಿನ ಪಾಪೆ ಹಿಗ್ಗುವುದು ಇದರ ಸೂಚನೆ. ಅಷ್ಟರೊಳಗೆ ಶಸ್ತ್ರಚಿಕಿತ್ಸೆಯಾದರೆ ಪೂರ್ಣ ಚೇತರಿಕೆಯೂ ಸಾಧ್ಯ.

ಇನ್ನೊಂದು ಬಗೆಯ ಪೆಟ್ಟಿನಲ್ಲಿ ತಲೆ ರಭಸದಿಂದ ತಿರುಗಿ ನರತಂತುಗಳೇ ಎಳೆದು ತುಂಡಾಗುತ್ತವೆ. ಗಾಯಾಳುವಿಗೆ ಆರಂಭದಿಂದಲೇ ಪ್ರಜ್ಞೆ ಇರುವುದಿಲ್ಲ, ಸಿ.ಟಿ. ಸ್ಕ್ಯಾನ್‌ನಲ್ಲಿ ಹೆಚ್ಚೇನೂ ಕಾಣದಿರಬಹುದು. ಮನೆಯವರಿಗೆ ಇದನ್ನು ಒಪ್ಪಿಕೊಳ್ಳುವುದು ಬಹಳ ಕಷ್ಟ.

ಪ್ರಜ್ಞೆಯನ್ನು ಅಳೆಯಲು 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಗ್ಲಾಸ್ಗೋ ಮಾಪನವನ್ನು ಪ್ರಕಟಿಸಿದರು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 8 ಅಥವಾ ಕಡಿಮೆಯಾದರೆ ತೀವ್ರ ಗಾಯ. ಬದುಕುಳಿಯುವುದು ಮೊದಲ ಪೆಟ್ಟನ್ನು ಮಾತ್ರ ಅವಲಂಬಿಸಿಲ್ಲ. ದಾರಿಯಲ್ಲಿ ಆಮ್ಲಜನಕ ಅಥವಾ ರಕ್ತದೊತ್ತಡ ಕುಸಿದರೆ ಮೆದುಳಿಗೆ ಎರಡನೇ ಪೆಟ್ಟು ಬಿದ್ದಂತೆ. ಬಾವು ಇಳಿಸಲೆಂದು ಹಿಂದೆ ಸ್ಟೀರಾಯ್ಡ್ ಕೊಡುತ್ತಿದ್ದರು. ಸುಮಾರು 10,000 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ‘ಕ್ರ್ಯಾಶ್’ ಅಧ್ಯಯನದಲ್ಲಿ ಅದರಿಂದ ಸಾವು ಹೆಚ್ಚಾದದ್ದು ಕಂಡುಬಂತು!

ತಲೆಗೆ ಏಟು ಬಿದ್ದ ಬಳಿಕ ಹೆಚ್ಚುವ ತಲೆನೋವು, ಮತ್ತೆ ಮತ್ತೆ ವಾಂತಿ, ತೊದಲು ಮಾತು, ಎಬ್ಬಿಸಿದರೂ ಏಳದ ನಿದ್ದೆ ಕಂಡರೆ ತಡ ಮಾಡದೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಕುಡಿದಿದ್ದಾನೆ, ಮಲಗಲಿ ಎಂದು ಬಿಟ್ಟು ಪ್ರಾಣ ಹೋಗುವುದುಂಟು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರಿಗೆ ಸಣ್ಣ ಏಟೂ ಸಣ್ಣದಲ್ಲ. ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಲು ಪೊಲೀಸ್ ಕೇಸಿಗೆ ಹೆದರುವವರು ಇನ್ನೂ ಇದ್ದಾರೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಮು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ.