ಸಿಕ್ಕಾಗದ ದಾರದ ಪೆಟ್ಟಿಗೆ

ಅಡಕೆಯ ಮರಕ್ಕೆ ಕೊಂಬೆಗಳಿಲ್ಲ. ಆದುದರಿಂದಲೇ ಮಲೆನಾಡಿನ ಕೊನೆಗಾರನು ಪಾದಗಳಿಗೆ ಹಗ್ಗದ ಬಳೆ ತೊಟ್ಟು, ಕಾಂಡವನ್ನೇ ಅಪ್ಪಿ ಮೇಲೇರುತ್ತಾನೆ. ಕೊಂಬೆ ಹರಡಿ ನಿಂತ ಓಕ್ ಮರದ ಸಂಗತಿ ಬೇರೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇಂತಹ ಮುದಿಮರಗಳ ಒಣಗೊಂಬೆಗಳನ್ನು ಕಡಿದು ಆರೈಕೆ ಮಾಡುವುದನ್ನೇ ವೃತ್ತಿಯಾಗಿ ಕೈಗೊಂಡವರಿದ್ದಾರೆ. ಕಾಂಡವು ತೋಳಿನ ಅಪ್ಪುಗೆಗೆ ಸಿಕ್ಕದು. ಮೊದಲ ಕವಲೋ ಬಹು ಎತ್ತರದಲ್ಲಿ. ಅಲ್ಲಿಗೆ ಹಗ್ಗ ಏರುವ ಬಗೆಯೆಂತು?

ಸೀಸದ ಗುಂಡುಗಳನ್ನು ತುಂಬಿದ, 300ರಿಂದ 450 ಗ್ರಾಂ ತೂಕದ ಪುಟ್ಟ ಚೀಲಕ್ಕೆ, ಸುಮಾರು 2 ಮಿಲಿಮೀಟರ್ ದಪ್ಪದ ನುಣುಪಾದ ದಾರವನ್ನು ಕಟ್ಟಿ, ತೂಗಿ ತೂಗಿ ಕವಲಿನತ್ತ ಎಸೆಯುವರು. ಚೀಲವು ಕವಲನ್ನು ದಾಟಿ ಆಚೆಗೆ ಇಳಿದರೆ ದಾರದ ಹಿಂದೆ ಹಗ್ಗ ಏರುವುದು. ಹಗ್ಗದ ಹಿಂದೆ ಮನುಷ್ಯ.

ಈ ದಾರದ ಉದ್ದ 45ರಿಂದ 60 ಮೀಟರ್. ನೆಲದ ಮೇಲೆ ಬಿಟ್ಟರೆ ತರಗೆಲೆ ಕಡ್ಡಿಗಳು ತೊಡಕುವುವು. ಕೈಗೆ ಸುತ್ತಿಟ್ಟರೆ ಸುತ್ತಿಗೊಂದು ಮುರುಚು ಸೇರಿ, ಬಿಚ್ಚುವಾಗ ಗಂಟಾಗುವುದು. ಗಂಟು ತಡೆದರೆ ಚೀಲವು ನಡುದಾರಿಯಿಂದ ಎಸೆದವನ ಮೇಲೆಯೇ ಮರಳೀತು. ಅದಕ್ಕಿಂತಲೂ ಕೆಟ್ಟ ಅಪಾಯ ಇನ್ನೊಂದುಂಟು. ಹತ್ತಾರು ಸಲ ಸಿಕ್ಕು ಬಿಡಿಸಿ ಬೇಸತ್ತವನು, ಬೇಕಾದ ಗಟ್ಟಿ ಕವಲನ್ನು ಬಿಟ್ಟು, ದಾರ ಹೇಗೋ ಬಿದ್ದ ಕೃಶ ಕೊಂಬೆಗೇ ತನ್ನ ಪ್ರಾಣವನ್ನು ಒಪ್ಪಿಸಿಬಿಡುತ್ತಾನೆ.

ದಾರದ ಸಿಕ್ಕು ಜೀವಕ್ಕೆ ಸಂಚಕಾರವೆಂಬುದನ್ನು ಕಡಲತೀರದವರು ಬಹು ಹಿಂದೆಯೇ ಬಲ್ಲರು. 1807ರಲ್ಲಿ ಇಂಗ್ಲೆಂಡಿನ ಯಾರ್ಮತ್ ಬಳಿ ‘ಸ್ನೈಪ್’ ಎಂಬ ನೌಕೆಯೊಡೆದು, ದಡದಲ್ಲಿದ್ದವರ ಕಣ್ಣೆದುರಿಗೇ 60ಕ್ಕೂ ಹೆಚ್ಚು ಜನ ಮುಳುಗಿದರು. ಅದನ್ನು ಕಂಡ ಜಾರ್ಜ್ ಮ್ಯಾನ್‌ಬಿ, ಮರುವರ್ಷ ಫಿರಂಗಿಯ ಗುಂಡಿನೊಡನೆ ಹಗ್ಗವನ್ನು ಹಾರಿಸಿ ‘ಎಲಿಜಬೆತ್’ ಹಡಗಿನ 7 ಮಂದಿಯನ್ನು ಬದುಕಿಸಿದನು. ಹಗ್ಗವನ್ನು ಸಾಲುಸಾಲಾಗಿ ಬುಟ್ಟಿಯಲ್ಲಿ ಜೋಡಿಸಿಡುವುದು ಅವನ ವಿಧಾನದ ಒಂದು ಅಂಗವಾಗಿತ್ತು. ಮುಂದೆ 1870ರ ದಶಕದಲ್ಲಿ ಅಮೆರಿಕದ ಡೇವಿಡ್ ಲೈಲ್ ಇಂಥದೇ ಕಾರ್ಯಕ್ಕೆ ಸಣ್ಣ ಫಿರಂಗಿಯೊಂದನ್ನು ನಿರ್ಮಿಸಿದನು. ಅದರ ದಾರವನ್ನು ಗೂಟಗಳ ನಡುವೆ ಅಂಕುಡೊಂಕಾಗಿ ಹಾಯಿಸಿಡಲು ವಿಶೇಷವಾದ ಪೆಟ್ಟಿಗೆಯಿತ್ತು.

ಮರಗೆಲಸದವರ ಮಡಿಸುವ ಬಟ್ಟೆಪೆಟ್ಟಿಗೆ ಅದೇ ಮನೆತನದ ಕುಡಿ. ತೆರೆದಾಗ ಬದಿಗೆ ಸುಮಾರು 40 ಸೆಂಟಿಮೀಟರಿನ ಚೌಕ. ಮಡಿಸಿದಾಗ ಚಪ್ಪಟೆ ಮುಕ್ಕೋಣ. ಇದರಲ್ಲಿ ದಾರವನ್ನು ಜೋಡಿಸುವ ಶ್ರಮವೂ ಇಲ್ಲ. ಕೈಮೇಲೆ ಕೈ ಎಳೆಯುತ್ತ ಒಳಗೆ ಬೀಳಬಿಟ್ಟರಾಯಿತು. ಕೊನೆಗೆ ಬಿದ್ದುದು ಮೇಲಿರುವುದು. ಮೇಲಿರುವುದೇ ಮೊದಲು ಹೊರಡುವುದು. ಒಳಗೆ ಕೈಯಾಡಿಸಿ ಕಲಕದಿದ್ದರೆ ಸಾಕು.

ಕೊಳ್ಳುವವನು ಬಣ್ಣಕ್ಕೆ ಮರುಳಾಗದೆ ಮೊದಲು ಮೂಲೆಗಳನ್ನು ನೋಡಬೇಕು. ಅಂಚಿನೊಳಗಿನ ಉಕ್ಕಿನ ತಂತಿ ಮಡಿಕೆಯಲ್ಲಿ ಉಜ್ಜಿ ಬಟ್ಟೆಯನ್ನು ತೂತುಮಾಡುವುದು ಅಲ್ಲಿಯೇ. ಮೂಲೆಗೆ ಇಮ್ಮಡಿ ಬಟ್ಟೆ, ಇಮ್ಮಡಿ ಹೊಲಿಗೆ ಇರಬೇಕು. ಅಂಗಡಿಯಲ್ಲಿಯೇ ಹತ್ತು ಸಲ ಮಡಿಸಿ ತೆರೆದಾಗ ಪೆಟ್ಟಿಗೆ ತಾನಾಗಿ ನೆಟ್ಟಗೆ ನಿಲ್ಲಬೇಕು. ತಳಕ್ಕೆ ಒದ್ದೆನೆಲವನ್ನು ತಾಳುವ, ಲೇಪನವಿರುವ ದಪ್ಪ ನೈಲಾನ್ ಮೇಲು. ಒಳಬದಿಯಲ್ಲಿ ಬೆರಳಾಡಿಸಿದರೆ ದಾರ ಸಿಲುಕುವಂತಹ ಬಕಲು, ಹೊಲಿಗೆಯ ಎಳೆ, ಅಂಟುಪಟ್ಟಿ ಯಾವುದೂ ತಾಗಬಾರದು. ದಾರದ ಬುಡವನ್ನು ಕಟ್ಟಲು ತಳದಲ್ಲೊಂದು ಕುಣಿಕೆ ಬೇಕು; ಇಲ್ಲವಾದರೆ ಬಾಲವೂ ಚೀಲದೊಡನೆ ಮರವೇರಿಬಿಡುವುದು. ಎರಡು ದಾರಗಳಿದ್ದರೆ ನಡುವೆ ತಡಿಕೆಯಿರುವ ಪೆಟ್ಟಿಗೆ ಒಳ್ಳೆಯದು. ಮಳೆಯಲ್ಲಿ ನೆಂದ ದಿನ, ಪೆಟ್ಟಿಗೆಯನ್ನು ಮಡಿಸಿಡದೆ ತೆರೆದೇ ಆರಿಸಬೇಕು.

ದಾರವನ್ನು ತುಂಬಿಡಲು ಒಂದು ಗೋಣಿಚೀಲವೂ ಸಾಲದೆ? ಆದರೆ ಚೀಲವು ಕೈಬಿಟ್ಟು ಹಾರಿದ ಆ ಕ್ಷಣದಲ್ಲಿ, ತಡವರಿಸದೆ ದಾರವನ್ನು ಬಿಟ್ಟುಕೊಡುವ ಪೆಟ್ಟಿಗೆಗೇ ಬೆಲೆ. ಮೇಲೇರಲಿರುವವನು ಯಾವ ಕವಲನ್ನು ನೆಚ್ಚಬೇಕೆಂಬುದು ಅಲ್ಲಿಂದಲೇ ನಿಶ್ಚಯವಾಗುವುದು.