ರೋಗಾಣುವಿನ ಸಕ್ಕರೆ ಹೇಳುವ ಗುಟ್ಟು

ಮೂತ್ರದಲ್ಲಿ ಸಕ್ಕರೆ ಎಂದೊಡನೆ ನಿಮಗೆ ಸಕ್ಕರೆ ಕಾಯಿಲೆಯ ನೆನಪಾಗುವುದು ಸಹಜ. ಇಲ್ಲಿ ಹೇಳಹೊರಟಿರುವುದು ಬೇರೊಂದು ಸಕ್ಕರೆಯ ವಿಷಯ. ಅದು ನಾವು ತಿಂದ ಅನ್ನದಿಂದ ಬಂದುದಲ್ಲ. ಕ್ಷಯರೋಗದ ಬ್ಯಾಕ್ಟೀರಿಯಾದ ಕವಚದಿಂದ ಕಳಚಿ ಬಂದದ್ದು. ರೋಗಿಯ ಮೂತ್ರದಲ್ಲಿ ಅದನ್ನು 25 ನಿಮಿಷಗಳಲ್ಲಿ ಪತ್ತೆಹಚ್ಚುವ ಪರೀಕ್ಷೆಯೊಂದಿದೆ.

ಶರ್ಕರಪಿಷ್ಟ ಅಥವಾ ಕಾರ್ಬೋಹೈಡ್ರೇಟ್ ಎಂದರೆ ಅನ್ನ, ಮುದ್ದೆ ಮಾತ್ರವಲ್ಲ. ಅನೇಕ ರೋಗಾಣುಗಳ ಹೊರಮೈಯಲ್ಲೂ ಸಕ್ಕರೆಯ ಸರಪಳಿಗಳಿರುತ್ತವೆ. ಅವುಗಳ ಹೆಣಿಗೆ ಎಲ್ಲ ರೋಗಾಣುಗಳಲ್ಲೂ ಒಂದೇ ತೆರನಲ್ಲ. ಅಮೆರಿಕದ ವಿಜ್ಞಾನಿ ರೆಬೆಕಾ ಲ್ಯಾನ್ಸ್‌ಫೀಲ್ಡ್ 1933ರಲ್ಲಿಯೇ ಇಂತಹ ಸಕ್ಕರೆಗಳ ಆಧಾರದಿಂದ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳನ್ನು ಗುಂಪುಗಳಾಗಿ ವಿಂಗಡಿಸಿದ್ದರು. ಗಂಟಲುನೋವಿಗೆ ಇಂದು ಮಾಡುವ ತ್ವರಿತ ಪರೀಕ್ಷೆ ಹುಡುಕುವುದು 'ಎ' ಗುಂಪಿನ ಆ ಸಕ್ಕರೆಯನ್ನೇ.

ಕ್ಷಯದ ರೋಗಾಣುವಿನಲ್ಲಿರುವುದು ಲೈಪೋಅರಾಬಿನೋಮ್ಯಾನನ್, ಚಿಕ್ಕದಾಗಿ 'ಲ್ಯಾಮ್'. ಹೆಸರು ನಾಲಿಗೆ ತೊಡರುವಂತಿದ್ದರೂ ವಸ್ತು ಅಷ್ಟು ಜಟಿಲವಲ್ಲ. ಅರಾಬಿನೋಸ್ ಮತ್ತು ಮ್ಯಾನೋಸ್ ಎಂಬ ಎರಡು ಸಕ್ಕರೆಗಳ ಸರಪಳಿ, ಬುಡದಲ್ಲಿ ಒಂದಿಷ್ಟು ಕೊಬ್ಬು.

ಕಫ ಪರೀಕ್ಷೆ ಇರುವಾಗ ಇದೇಕೆ ಎಂದು ನೀವು ಕೇಳಬಹುದು. ಎಚ್‌ಐವಿ ಸೋಂಕು ಬಲಿತು ಹಾಸಿಗೆ ಹಿಡಿದವರನ್ನು ನೆನಪಿಸಿಕೊಳ್ಳಿ. ಅವರಿಗೆ ಕೆಮ್ಮಿ ಕಫ ತೆಗೆಯುವ ಶಕ್ತಿಯೇ ಇರುವುದಿಲ್ಲ. ತೆಗೆದರೂ ಅದರಲ್ಲಿ ರೋಗಾಣುಗಳು ಕಡಿಮೆ. ಕಫವನ್ನು ಕೃಷಿ ಮಾಡಿ ರೋಗಾಣು ಬೆಳೆಸಿ ನೋಡಲು ವಾರಗಳೇ ಬೇಕು. ಅಷ್ಟು ದಿನ ಅವರು ಬದುಕಿರುವ ಭರವಸೆ ಇಲ್ಲ. ವಿಚಿತ್ರವೆಂದರೆ, ರೋಗನಿರೋಧಕ ಶಕ್ತಿ ಕುಂದಿದಷ್ಟೂ ಕ್ಷಯ ಮೈಯೆಲ್ಲ ಹರಡಿ, ಅನೇಕರಲ್ಲಿ ಮೂತ್ರಪಿಂಡವನ್ನೂ ತಲುಪಿ, ಮೂತ್ರದಲ್ಲಿ ಲ್ಯಾಮ್ ಹೆಚ್ಚುತ್ತದೆ. ಬೇರೆ ಪರೀಕ್ಷೆಗಳು ಕೈಕೊಡುವ ರೋಗಿಯಲ್ಲೇ ಇದು ಕೈಹಿಡಿಯುತ್ತದೆ!

ಮಾಡುವ ವಿಧಾನ ಬಸಿರು ಪರೀಕ್ಷೆಯ ಪಟ್ಟಿಯಂತೆಯೇ. ಪಟ್ಟಿಯ ತುದಿಗೆ 60 ಮೈಕ್ರೋಲೀಟರ್, ಅಂದರೆ ಒಂದೆರಡು ಹನಿ ಮೂತ್ರ ಹಾಕುತ್ತಾರೆ. ಪಟ್ಟಿಯಲ್ಲಿರುವ ಪ್ರತಿಕಾಯಗಳು ಲ್ಯಾಮ್ ಸಿಕ್ಕಿದರೆ ಹಿಡಿದುಕೊಳ್ಳುತ್ತವೆ. ಅವುಗಳಿಗೆ ಅಂಟಿಸಿದ ಚಿನ್ನದ ಅತಿಸೂಕ್ಷ್ಮ ಕಣಗಳು ಒಂದೆಡೆ ಗುಂಪುಗೂಡಿ ಗೆರೆ ಮೂಡುತ್ತದೆ. ಸೂಕ್ಷ್ಮದರ್ಶಕ ಬೇಡ, ವಿದ್ಯುತ್ತೂ ಬೇಡ.

ಫಲವುಂಟೇ? ದಕ್ಷಿಣ ಆಫ್ರಿಕಾ, ಟಾಂಜಾನಿಯಾ, ಜಾಂಬಿಯಾ ಮತ್ತು ಜಿಂಬಾಬ್ವೆಗಳ 10 ಆಸ್ಪತ್ರೆಗಳಲ್ಲಿ ಎಚ್‌ಐವಿ ಸೋಂಕಿತ ಒಳರೋಗಿಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮಾಮೂಲಿ ಪರೀಕ್ಷೆಗಳಷ್ಟೇ ಆದವರಲ್ಲಿ ಎಂಟು ವಾರಗಳೊಳಗೆ ನೂರಕ್ಕೆ 25 ಮಂದಿ ತೀರಿಕೊಂಡರೆ, ಮೂತ್ರ ಪರೀಕ್ಷೆಯೂ ಆದವರಲ್ಲಿ 21 ಮಂದಿ. ನೂರಕ್ಕೆ ನಾಲ್ಕು ಜೀವ. ಅದೂ ಒಂದು ಕಾಗದದ ಪಟ್ಟಿಯಿಂದ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದನ್ನು ಶಿಫಾರಸು ಮಾಡಿ, 2019ರಲ್ಲಿ ಇನ್ನಷ್ಟು ಎಚ್‌ಐವಿ ಸೋಂಕಿತರಿಗೆ ವಿಸ್ತರಿಸಿತು.

ಆದರೆ ಎಚ್ಚರ. ಕ್ಷಯವಿರುವ ಎಚ್‌ಐವಿ ಸೋಂಕಿತರಲ್ಲಿಯೂ ಈ ಪಟ್ಟಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಗುರುತಿಸದೆ ಬಿಡುತ್ತದೆ. ಆದ್ದರಿಂದ ಗೆರೆ ಮೂಡಲಿಲ್ಲವೆಂದರೆ ಕ್ಷಯವಿಲ್ಲವೆಂದು ತಿಳಿಯಬಾರದು. ಎಚ್‌ಐವಿ ಇಲ್ಲದವರ ಮೂತ್ರದಲ್ಲಿ ಲ್ಯಾಮ್ ತೀರಾ ಅಲ್ಪ. ಅವರಿಗೆ ಈ ಪಟ್ಟಿ ಸಲ್ಲದು. ಲ್ಯಾಮ್‌ನಲ್ಲಿ ಗಂಧಕ ಬೆರೆತ ಅಪರೂಪದ ಸಕ್ಕರೆಯೊಂದಿದೆ. ಅದನ್ನೇ ಗುರಿಯಾಗಿಸಿಕೊಂಡ ಹೊಸ ಪಟ್ಟಿ 2019ರಲ್ಲಿ ಸುಮಾರು ಶೇಕಡ 70ರಷ್ಟು ರೋಗಿಗಳನ್ನು ಗುರುತಿಸಿ ಆಸೆ ಹುಟ್ಟಿಸಿತ್ತು. ಮುಂದೆ ಒಂದು ಕಂತಿನ ಪಟ್ಟಿಗಳಿಗೂ ಇನ್ನೊಂದು ಕಂತಿನವಕ್ಕೂ ಫಲಿತಾಂಶ ತಾಳೆಯಾಗದೆ ತೊಡಕಾಯಿತು.

ನಿಮಗೆ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ ಇದ್ದರೆ ಮೊದಲು ಕಫ ಪರೀಕ್ಷೆಯನ್ನೇ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಔಷಧಕ್ಕೂ ಹಣ ಕೊಡಬೇಕಿಲ್ಲ. ಮನೆಯಲ್ಲಿ ಎಚ್‌ಐವಿ ಸೋಂಕಿತರು ತೀವ್ರವಾಗಿ ಹಾಸಿಗೆ ಹಿಡಿದಿದ್ದರೆ ಮೂತ್ರದ ಲ್ಯಾಮ್ ಪರೀಕ್ಷೆ ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಗೆರೆ ಮೂಡಿದರೆ ಚಿಕಿತ್ಸೆಯನ್ನು ಅಂದೇ ಆರಂಭಿಸಬಹುದು. ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಮಾತ್ರ ಪಟ್ಟಿ ಹೇಳಲಾರದು. ಅದಕ್ಕಾಗಿ ಕಫ ಬಂದ ದಿನ ಅದನ್ನೂ ಕೊಡಬೇಕು.