ಹೊಳೆ, ಹಾದಿ, ಹಳಿ: ದಾಟುವ ತಾಣಗಳ ಛಾಯಾಚಿತ್ರ ಏಕೆ ಬೇಕು, ಹೇಗೆ ತೆಗೆಯಬೇಕು?

ಜೂನ್ ತಿಂಗಳ ನಡುವೆ ನಮ್ಮ ಗಡಿಭಾಗದಲ್ಲಿ ಎರಡು ಸಂಗತಿಗಳು ಒಟ್ಟಿಗೇ ಆರಂಭವಾಗುತ್ತವೆ: ಶಾಲೆ ಮತ್ತು ಮಳೆ. ಹಳ್ಳದ ಈಚೆ ಮರಾಠಿ ಶಾಲೆ, ಆಚೆ ಕನ್ನಡ ಶಾಲೆ ಇರುವ ಊರುಗಳಲ್ಲಿ ಮೊದಲ ದೊಡ್ಡ ಮಳೆಯೇ ಮಗುವಿನ ಕಲಿಕೆಯ ಮಾಧ್ಯಮವನ್ನು ನಿರ್ಧರಿಸಿಬಿಡುವುದುಂಟು. ತಾಯಿಗೆ ಕನ್ನಡದ ಮೇಲೆ ಮಮತೆ ಇಲ್ಲವೆಂದಲ್ಲ. ಆರು ವರ್ಷದ ಮಗುವನ್ನು ಹರಿಯುವ ನೀರಿಗೆ ಎದುರಾಗಿ ಕಳಿಸಲು ಯಾವ ತಾಯಿಯ ಮನಸ್ಸೂ ಒಪ್ಪುವುದಿಲ್ಲ. ದಾಖಲಾತಿಗೆಂದು ಮನೆಮನೆಗೆ ಹೋದಾಗ ನಾನು ಮತ್ತೆ ಮತ್ತೆ ಕೇಳಿದ ಮಾತು ಇದೇ: "ಸರ್, ಸಾಲಿ ಛಲೋ ಅದ, ಖರೇ ಹಳ್ಳ ಹ್ಯಾಂಗ ದಾಟ್ಬೇಕ್ರಿ?"

ಈ ಪ್ರಶ್ನೆಯನ್ನು ನಾವು ಬಾಯಿಮಾತಿನಲ್ಲಿ ಅಧಿಕಾರಿಗಳ ಮುಂದೆ ಇಟ್ಟಾಗ ಅದು ಒಂದು ದೂರಾಗಿ ಮಾತ್ರ ಉಳಿಯುತ್ತದೆ. ದಿನಾಂಕ, ಸ್ಥಳ, ನೀರಿನ ಮಟ್ಟ ಕಾಣುವ ಛಾಯಾಚಿತ್ರದೊಡನೆ ಇಟ್ಟಾಗ ಅದು ಸಾಕ್ಷಿಯಾಗುತ್ತದೆ. ಆದ್ದರಿಂದ ಹೊಳೆ, ರಸ್ತೆ ಮತ್ತು ರೈಲುಹಳಿಗಳನ್ನು ದಾಟುವ ತಾಣಗಳನ್ನು ಚಿತ್ರಗಳಲ್ಲಿ ದಾಖಲಿಸುವ ಕ್ರಮವನ್ನು ಪಾಲಕರಿಗೆ ವಿವರಿಸುವುದು ಈ ಲೇಖನದ ಉದ್ದೇಶ. ಇದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಮನೆಯಲ್ಲಿರುವ ಮೊಬೈಲ್ ಸಾಕು.

ದಾಟುವ ತಾಣಗಳು ಯಾವುವು?

ನಮ್ಮ ಆಡುಮಾತಿನಲ್ಲಿ ಇವಕ್ಕೆ ಬೇರೆಬೇರೆ ಹೆಸರುಗಳಿವೆ. ಹಳ್ಳದ ಮೇಲೆ ತೀರ ತಗ್ಗಾಗಿ ಕಟ್ಟಿದ, ಮಳೆಗಾಲದಲ್ಲಿ ನೀರು ಮೇಲೇರಿ ಹರಿಯುವ ಸೇತುವೆಯನ್ನು ಮರಾಠಿಯ ಪ್ರಭಾವದಿಂದ ಫರಸಿ ಪೂಲು ಎನ್ನುತ್ತೇವೆ. ರೈಲುಹಳಿಗೆ ಅಡ್ಡಲಾಗಿ ರಸ್ತೆ ಹಾಯುವಲ್ಲಿರುವ ಗೇಟು ಫಾಟಕ. ಹೆದ್ದಾರಿಯಿಂದ ಊರಿನ ರಸ್ತೆ ಕವಲೊಡೆಯುವ ಜಾಗ ಫಾಟಾ. ಫಾಟಕ ಮತ್ತು ಫಾಟಾ ಒಂದೇ ಅಲ್ಲ. ಬರೆಯುವಾಗ ಈ ವ್ಯತ್ಯಾಸವನ್ನು ಗಮನಿಸಬೇಕು.

ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲುಗಾರರಿಲ್ಲದ ಫಾಟಕಗಳನ್ನೆಲ್ಲ 2019ರ ಜನವರಿಯ ಹೊತ್ತಿಗೆ ತೆಗೆದುಹಾಕಿರುವುದಾಗಿ ಭಾರತೀಯ ರೈಲ್ವೆ ಪ್ರಕಟಿಸಿತು. ಕೆಲವೆಡೆ ಕಾವಲುಗಾರರನ್ನು ನೇಮಿಸಲಾಯಿತು, ಕೆಲವೆಡೆ ಫಾಟಕವನ್ನೇ ಮುಚ್ಚಲಾಯಿತು, ಇನ್ನು ಕೆಲವೆಡೆ ಹಳಿಯ ಕೆಳಗೆ ದಾರಿ ತೋಡಲಾಯಿತು. ಇದರಿಂದ ಜೀವಹಾನಿ ತಪ್ಪಿತು, ಅದು ದೊಡ್ಡ ಲಾಭ. ಆದರೆ ಹಳಿಯ ಕೆಳಗಿನ ದಾರಿಯಲ್ಲಿ ಮಳೆನೀರು ನಿಂತರೆ ಮಕ್ಕಳು ಪುನಃ ಹಳಿಯ ಮೇಲೆಯೇ ಹತ್ತುತ್ತಾರೆ. ಅಂಥ ಜಾಗವೂ ನಮ್ಮ ದಾಖಲೆಗೆ ಸೇರಬೇಕು.

ನಮ್ಮ ಸೀಮೆಯೇ ಒಂದು ದಾಟು

ಬೀಡ ಜಿಲ್ಲೆಯ ಬಾಲಾಘಾಟ ಗುಡ್ಡಗಳಲ್ಲಿ ಹುಟ್ಟುವ ಮಾಂಜ್ರಾ ನದಿ ಲಾತೂರ ಜಿಲ್ಲೆಯಲ್ಲಿ ಹರಿದು ಬೀದರ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಅಲ್ಲಿಂದ ತೆಲಂಗಾಣಕ್ಕೆ ಹೋಗಿ, ಉತ್ತರಕ್ಕೆ ಹೊರಳಿ, ಗೋದಾವರಿಯನ್ನು ಸೇರುತ್ತದೆ. ನಿಲಂಗಾ ತಾಲೂಕಿನಲ್ಲಿ ತೇರಣಾ ನದಿ ಬಂದು ಅದನ್ನು ಕೂಡಿಕೊಳ್ಳುತ್ತದೆ. ಪುಣೆಯಿಂದ ಸೊಲ್ಲಾಪುರ, ನಳದುರ್ಗ, ಉಮರ್ಗಾ, ಹುಮನಾಬಾದ ಮಾರ್ಗವಾಗಿ ಹೈದರಾಬಾದಿಗೆ ಸಾಗುವುದು ರಾಷ್ಟ್ರೀಯ ಹೆದ್ದಾರಿ 65. ವಿಕಾರಾಬಾದಿನಿಂದ ಬೀದರ, ಭಾಲ್ಕಿ, ಕಮಲನಗರ, ಉದಗೀರ ಮೂಲಕ ಲಾತೂರ ರೋಡ ಕಡೆಗೆ ಬರುವ ರೈಲುಮಾರ್ಗ ನಿಜಾಮರ ಕಾಲದ್ದು. ಈ ಮಾರ್ಗ ಭಾಲ್ಕಿ ಮತ್ತು ಕಮಲನಗರದ ನಡುವೆ ಮಾಂಜ್ರಾವನ್ನು ದಾಟುತ್ತದೆ. ಉದಗೀರ ಬಿಟ್ಟ ಗಾಡಿ ಕಮಲನಗರ ತಲುಪಿದಾಗ ನಿಲ್ದಾಣದ ಫಲಕದಲ್ಲಿ ಕನ್ನಡ ಕಾಣಿಸುತ್ತದೆ. ಅಷ್ಟರಲ್ಲಿ ನಾವು ಇನ್ನೊಂದು ದಾಟನ್ನು, ಎಂದರೆ ರಾಜ್ಯದ ಗಡಿಯನ್ನು, ದಾಟಿರುತ್ತೇವೆ.

ಆ ಗಡಿ ಹಳೆಯದೇನಲ್ಲ. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ಮತ್ತು ಅಹಮದಪುರ ತಾಲೂಕುಗಳು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿಯೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರ, ಭಾಲ್ಕಿ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಹೋದವು. 1960ರಲ್ಲಿ ಮಹಾರಾಷ್ಟ್ರ, 1982ರಲ್ಲಿ ಲಾತೂರ ಜಿಲ್ಲೆ ರಚನೆಯಾದವು. ಅಜ್ಜಿಯ ತವರಿಗೆ ಹೋಗುತ್ತಿದ್ದ ಅದೇ ಬಂಡಿದಾರಿ ಎರಡು ರಾಜ್ಯಗಳ ನಡುವಿನ ದಾರಿಯಾಯಿತು.

ದಾಟುವ ತಾಣಗಳು ಬೇಗ ಬದಲಾಗುತ್ತವೆ ಎಂಬುದನ್ನೂ ನಮ್ಮ ಸೀಮೆ ಕಂಡಿದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಔಸಾ, ಉಮರ್ಗಾ ಭಾಗದ ಹಲವಾರು ಊರುಗಳು ಹೊಸ ಜಾಗಗಳಿಗೆ ಸ್ಥಳಾಂತರಗೊಂಡವು. ಊರು ಸರಿದಾಗ ಅದರ ಹಾದಿ, ಅದರ ಹಳ್ಳದ ದಾಟು ಹಿಂದೆ ಉಳಿಯುತ್ತವೆ. 2016ರ ಬರಗಾಲದಲ್ಲಿ ಲಾತೂರ ನಗರಕ್ಕೆ ನೀರುಣಿಸುವ ಮಾಂಜ್ರಾ ಜಲಾಶಯ ಒಣಗಿದಾಗ ಮೀರಜದಿಂದ ಕೃಷ್ಣೆಯ ನೀರನ್ನು ರೈಲಿನಲ್ಲಿ ತರಲಾಯಿತು. ಏಪ್ರಿಲ್ 12ರಂದು ಬಂದ ಮೊದಲ ಗಾಡಿಯಲ್ಲಿ ಹತ್ತು ಟ್ಯಾಂಕರುಗಳಲ್ಲಿ ಸುಮಾರು 5 ಲಕ್ಷ ಲೀಟರ್ ನೀರಿತ್ತು. ಮಳೆಗಾಲದಲ್ಲಿ ಮಕ್ಕಳನ್ನು ತಡೆಯುವ ನದಿ ಬೇಸಿಗೆಯಲ್ಲಿ ಮರಳಾಗಿ ಮಲಗಿರುತ್ತದೆ. ಬೇಸಿಗೆಯಲ್ಲಿ ಬಂದು ನೋಡಿದ ಅಧಿಕಾರಿಗೆ "ಇಲ್ಲಿ ತೊಂದರೆ ಎಲ್ಲಿದೆ?" ಎನಿಸಿದರೆ ಆಶ್ಚರ್ಯವಿಲ್ಲ. ಒಂದೇ ಜಾಗದ ಎರಡು ಋತುಗಳ ಚಿತ್ರ ಬೇಕಾಗುವುದು ಈ ಕಾರಣದಿಂದಲೇ.

ಚಿತ್ರ ತೆಗೆಯುವ ಕ್ರಮ

ಮೊದಲು ನಿಲ್ಲುವ ಜಾಗವನ್ನು ಗೊತ್ತುಮಾಡಿಕೊಳ್ಳಿ. ಒಂದು ಬೇವಿನ ಮರ, ಒಂದು ಕಲ್ಲು, ಗುಡಿಯ ಕಟ್ಟೆ, ಹೀಗೆ ಸ್ಥಿರವಾದ ಗುರುತಿನ ಬಳಿ ನಿಂತು ಪ್ರತಿ ಸಲವೂ ಅಲ್ಲಿಂದಲೇ ತೆಗೆಯಿರಿ. ಆ ಜಾಗ ದಡದ ಎತ್ತರದಲ್ಲಿರಲಿ. ದಾಟನ್ನು ನೇರ ಎದುರಿನಿಂದ ತೆಗೆದರೆ ರಸ್ತೆ ಮಾತ್ರ ಕಾಣುತ್ತದೆ, ನದಿ ಕಾಣುವುದಿಲ್ಲ. ಓರೆಯಾಗಿ ನಿಂತಾಗ ಎರಡೂ ಒಂದನ್ನೊಂದು ಹಾಯುವುದು ಸ್ಪಷ್ಟವಾಗುತ್ತದೆ. ಸೂರ್ಯ ಬೆನ್ನ ಹಿಂದಿರಲಿ.

ಪ್ರತಿ ತಾಣಕ್ಕೂ ಮೂರು ಚಿತ್ರಗಳು ಬೇಕು. ದೂರದ ಚಿತ್ರದಲ್ಲಿ ಎರಡೂ ದಡಗಳು, ಶಾಲೆಯ ಕಡೆಯ ದಾರಿ ಕಾಣಬೇಕು. ನಡುವಿನ ಚಿತ್ರದಲ್ಲಿ ಸೇತುವೆ ಅಥವಾ ಫಾಟಕ ಪೂರ್ಣವಾಗಿ ಬರಬೇಕು. ಅಳತೆ ತಿಳಿಯಲು ಒಬ್ಬ ದೊಡ್ಡವರೋ ಸೈಕಲ್ಲೋ ಅದರಲ್ಲಿರಲಿ. ಸಮೀಪದ ಚಿತ್ರ ಗುರುತುಗಳದ್ದು. ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣವನ್ನು ಗಮನಿಸಿ: ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮೀಣ ರಸ್ತೆ. ಯಾರಿಗೆ ಮನವಿ ಕೊಡಬೇಕೆಂಬುದಕ್ಕೆ ಆ ಬಣ್ಣವೇ ದಾರಿ ತೋರುತ್ತದೆ. ರೈಲು ಸೇತುವೆಗಳ ಮೇಲೆ ಸೇತುವೆಯ ಸಂಖ್ಯೆ, ನದಿಯ ಮೇಲಿನ ದೊಡ್ಡ ಸೇತುವೆಗಳ ಕಂಬಗಳ ಮೇಲೆ ಅಪಾಯದ ನೀರಿನ ಮಟ್ಟ, ಫಾಟಕದ ಬಳಿ ಫಾಟಕದ ಸಂಖ್ಯೆ ಬರೆದಿರುತ್ತಾರೆ. ಫಾಟಕಕ್ಕೆ ಮೊದಲು ಹಳಿಯ ಪಕ್ಕದ ಹಳದಿ ಫಲಕದಲ್ಲಿ "ಸೀ/ಫಾ" ಎಂದು ದೇವನಾಗರಿಯಲ್ಲಿರುತ್ತದೆ. ಫಾಟಕ ಬರುತ್ತಿದೆ, ಸೀಟಿ ಊದು ಎಂದು ಚಾಲಕನಿಗೆ ಅದು ನೀಡುವ ಸೂಚನೆ.

ಪ್ರವಾಹದ ಮಟ್ಟ ತೋರಿಸಲು ಪ್ರವಾಹದ ನಡುವೆ ಹೋಗಬೇಕಾಗಿಲ್ಲ. ನೀರು ಇಳಿದ ಮೇಲೆ ಬೇಲಿ, ಗಿಡ, ಕಂಬಗಳಿಗೆ ಸಿಕ್ಕಿಕೊಂಡ ಕಸಕಡ್ಡಿಯ ಗೆರೆ ಉಳಿದಿರುತ್ತದೆ. ಅದರ ಪಕ್ಕ ಅಳತೆಪಟ್ಟಿ ಹಿಡಿದು ತೆಗೆದ ಚಿತ್ರ ಬಲವಾದ ಸಾಕ್ಷಿ.

ಮೊಬೈಲಿನ ಕ್ಯಾಮೆರಾದಲ್ಲಿ ಸ್ಥಳಸೂಚನೆಯ ಆಯ್ಕೆಯನ್ನು ತೆರೆದಿಡಿ, ದಿನಾಂಕ ಸರಿಯಿರಲಿ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ಅದರೊಳಗಿನ ಸ್ಥಳ-ಸಮಯದ ಮಾಹಿತಿಯೂ ಕಳೆದುಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿರಿ, ಮೂಲಪ್ರತಿಯನ್ನು ಅಳಿಸಬೇಡಿರಿ.

ಅಡಿಬರಹವೇ ಅರ್ಧ ಚಿತ್ರ

ಅಡಿಬರಹವಿಲ್ಲದ ಚಿತ್ರ ಹತ್ತು ವರ್ಷಗಳ ನಂತರ ಯಾರಿಗೂ ತಿಳಿಯುವುದಿಲ್ಲ. ಔರಾದ ಎಂದು ಮಾತ್ರ ಬರೆದರೆ ಯಾವ ಔರಾದ? ನಿಲಂಗಾ ತಾಲೂಕಿನ ಔರಾದ ಶಹಾಜಾನಿಯೋ, ಬೀದರ ಜಿಲ್ಲೆಯ ಔರಾದ ತಾಲೂಕಿನ ಊರೋ? ಲಾತೂರ ರೋಡ ನಿಲ್ದಾಣ ಲಾತೂರ ನಗರದಲ್ಲಿಲ್ಲ, ಚಾಕೂರ ತಾಲೂಕಿನಲ್ಲಿದೆ. ಆದ್ದರಿಂದ ಊರು, ತಾಲೂಕು, ಜಿಲ್ಲೆ, ನದಿ ಅಥವಾ ಹಳ್ಳದ ಹೆಸರು, ಮುಖ ಮಾಡಿದ ದಿಕ್ಕು, ದಿನಾಂಕ, ವೇಳೆ, ಇಷ್ಟನ್ನು ಬರೆಯಿರಿ. ಅದರೊಡನೆ ಆ ದಿನ ಎಷ್ಟು ಮಕ್ಕಳಿಗೆ ಶಾಲೆ ತಪ್ಪಿತು ಎಂಬ ಒಂದು ಸಾಲನ್ನೂ ಸೇರಿಸಿರಿ.

ಇನ್ನೊಂದು ಕೆಲಸವನ್ನು ಮಕ್ಕಳಿಗೆ ವಹಿಸಿ. ಆ ದಾಟಿಗೆ ಮನೆಯ ಹಿರಿಯರು ಏನೆನ್ನುತ್ತಾರೆ ಎಂದು ಕೇಳಿ ಬರೆಯಲಿ. ಸರ್ಕಾರಿ ಕಾಗದದಲ್ಲಿ ಪೂಲ್ ಸಂಖ್ಯೆ ಮಾತ್ರ ಇರುವ ಜಾಗಕ್ಕೆ ಅಜ್ಜಿಯ ಬಾಯಲ್ಲಿ ಒಂದು ಕನ್ನಡ ಹೆಸರಿರುವುದು ಅಪರೂಪವಲ್ಲ. ಅದನ್ನು ಯಾವ ನಕ್ಷೆಯೂ ಬರೆದುಕೊಂಡಿರುವುದಿಲ್ಲ. ಮಗು ಬರೆದರೆ ಉಳಿಯುತ್ತದೆ.

ಜೀವಕ್ಕಿಂತ ಚಿತ್ರ ದೊಡ್ಡದಲ್ಲ

ಹಳಿಯ ಮೇಲೆ, ಹಳಿಯ ಅಂಚಿನಲ್ಲಿ, ರೈಲು ಸೇತುವೆಯ ಮೇಲೆ ಎಂದಿಗೂ ನಿಲ್ಲಬಾರದು. ಅನುಮತಿಯಿಲ್ಲದೆ ರೈಲ್ವೆಯ ಜಾಗವನ್ನು ಪ್ರವೇಶಿಸುವುದು 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನಂತೆ ಅಪರಾಧ. ಆರು ತಿಂಗಳವರೆಗೆ ಸೆರೆವಾಸ ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಾರ್ವಜನಿಕ ರಸ್ತೆಯಲ್ಲಿ, ಗೇಟಿನ ಹೊರಗೆ ನಿಂತು ತೆಗೆಯಿರಿ. ಹರಿಯುವ ನೀರು ಅರ್ಧ ಅಡಿಯಿದ್ದರೂ ದೊಡ್ಡವರನ್ನು ಬೀಳಿಸಬಲ್ಲದು, ಒಂದು ಅಡಿಯಿದ್ದರೆ ಸಣ್ಣ ಕಾರನ್ನು ತೇಲಿಸಬಲ್ಲದು. ದಾಟಿನ ಬಳಿ ಚಿತ್ರ ತೆಗೆಯುವವರು ದೊಡ್ಡವರೇ ಆಗಿರಲಿ. ಮಕ್ಕಳು ಬರವಣಿಗೆಯ ಕೆಲಸ ಮಾಡಲಿ. ಮಗುವಿನ ಮುಖ, ಹೆಸರು, ಶಾಲೆ ಮೂರೂ ಒಟ್ಟಿಗೆ ಎಲ್ಲಿಯೂ ಪ್ರಕಟವಾಗಬಾರದು.

ಚಿತ್ರಗಳನ್ನು ಎಲ್ಲಿಗೆ ಒಯ್ಯಬೇಕು?

ಶಿಕ್ಷಣ ಹಕ್ಕು ಕಾಯ್ದೆ 2009ರ 21ನೆಯ ಕಲಮಿನಂತೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಮುಕ್ಕಾಲು ಭಾಗ ಪಾಲಕರು, ಅರ್ಧದಷ್ಟು ಮಹಿಳೆಯರು. ಅದೇ ಕಾಯ್ದೆಯ 22ನೆಯ ಕಲಮು ಶಾಲಾ ಅಭಿವೃದ್ಧಿ ಯೋಜನೆಯ ಬಗ್ಗೆ ಹೇಳುತ್ತದೆ. ನಿಮ್ಮ ಚಿತ್ರಗಳನ್ನು ಮೊದಲು ಸಮಿತಿಯ ಸಭೆಯಲ್ಲಿಟ್ಟು ಠರಾವಿನಲ್ಲಿ ಬರೆಯಿಸಿರಿ. ನಂತರ ಗ್ರಾಮ ಪಂಚಾಯತಿಗೆ, ಗಟಶಿಕ್ಷಣಾಧಿಕಾರಿಗಳಿಗೆ, ಜಿಲ್ಲಾ ಪರಿಷತ್ತಿಗೆ ಪ್ರತಿ ಕೊಟ್ಟು ಪೋಚು ಪಡೆಯಿರಿ. ಕೇಂದ್ರದ 2010ರ ನಿಯಮಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ 1 ಕಿಲೋಮೀಟರ್, ಆರರಿಂದ ಎಂಟರವರಿಗೆ 3 ಕಿಲೋಮೀಟರ್ ನಡೆಯುವ ದೂರದೊಳಗೆ ಶಾಲೆ ಇರಬೇಕೆನ್ನುತ್ತವೆ. ಪ್ರವಾಹ, ರಸ್ತೆಯ ಅಭಾವ ಮುಂತಾದ ಅಪಾಯಗಳಿರುವಲ್ಲಿ ಈ ಮಿತಿಯನ್ನು ಇನ್ನೂ ಕಡಿಮೆ ಮಾಡಬೇಕೆಂದೂ ಹೇಳುತ್ತವೆ. ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿ 1956ರ ತಿದ್ದುಪಡಿಯಲ್ಲಿ ಬಂದದ್ದು. ನಮ್ಮನ್ನು ಗಡಿಯ ಈಚೆ ಉಳಿಸಿದ ವರ್ಷವೂ ಅದೇ. ಈ ಎರಡನ್ನೂ ಮನವಿಯಲ್ಲಿ ಜೊತೆಯಾಗಿಯೇ ಉಲ್ಲೇಖಿಸಿರಿ. ಶಾಲೆ ಇದ್ದರೆ ಸಾಲದು, ಮಗು ಅಲ್ಲಿಗೆ ತಲುಪಬೇಕು.

ಮನವಿಯ ಭಾಷೆಯಲ್ಲಿ ಕಹಿ ಬೇಡ. ಹಳ್ಳದ ಈಚೆಯ ಮರಾಠಿ ಶಾಲೆಯ ಶಿಕ್ಷಕರೂ ನಮ್ಮವರೇ, ಅದೇ ಹಳ್ಳವನ್ನು ದಾಟುವ ಮರಾಠಿ ಮಕ್ಕಳೂ ಇದ್ದಾರೆ. ಅವರ ಪಾಲಕರ ಸಹಿಯೂ ಇದ್ದರೆ ಮನವಿಗೆ ಬಲ ಹೆಚ್ಚು.

ಈ ವಾರ ಒಂದೇ ಒಂದು ದಾಟಿನಿಂದ ಆರಂಭಿಸಿರಿ: ನಿಮ್ಮ ಮಗು ದಿನವೂ ಹಾಯುವ ದಾಟು. ಅದರ ಮೂರು ಚಿತ್ರ ತೆಗೆಯಿರಿ, ಕನ್ನಡದಲ್ಲಿ ಅಡಿಬರಹ ಬರೆಯಿರಿ, ಶಾಲೆಯ ಒಂದು ವಹಿಯಲ್ಲಿ ಅಂಟಿಸಿರಿ. ಮಳೆಗಾಲದಲ್ಲಿ, ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಮತ್ತೆ ಅಲ್ಲಿಯೇ ನಿಂತು ತೆಗೆಯಿರಿ. ಮುಂದಿನ ಜೂನ್‌ನಲ್ಲಿ ದಾಖಲಾತಿಗೆ ಮನೆಮನೆಗೆ ಹೋಗುವ ಶಿಕ್ಷಕರ ಕೈಯಲ್ಲಿ ಆ ವಹಿ ಇದ್ದರೆ, ಹಳ್ಳದ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ತಾಯಿಯ ಮೇಲಷ್ಟೇ ಉಳಿಯುವುದಿಲ್ಲ.